ಎತ್ತಿನ ಕಿವಿಯೋಲೆ: ದಾಖಲೆ ಯಾರಿಗಾಗಿ?

ಕಾರಹುಣ್ಣಿಮೆಯ ದಿನ ಇಂಡಿ ಸೀಮೆಯ ಹಲಸಂಗಿಯಲ್ಲಿ ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆಪಟ್ಟಿ ಕಟ್ಟಿ, ಬೆನ್ನಿಗೆ ಝೂಲ ಹೊದಿಸುವ ಸಂಭ್ರಮವನ್ನು ನಾನು ಬಾಲ್ಯದಿಂದ ಕಂಡಿದ್ದೇನೆ. ಈಚಿನ ವರ್ಷಗಳಲ್ಲಿ ಆ ಅಲಂಕಾರಕ್ಕೆ, ಯಾರೂ ಬಯಸಿ ತೊಡಿಸದ ಒಂದು ವಸ್ತು ಸೇರಿಕೊಂಡಿದೆ. ಕಿವಿಯ ನಡುವೆ ತೂತು ಮಾಡಿ ಸಿಕ್ಕಿಸಿದ ಹಳದಿ ಬಿಲ್ಲೆ. ಅದರ ಮೇಲೆ ಹನ್ನೆರಡು ಅಂಕಿಗಳ ಒಂದು ಸಂಖ್ಯೆ. ಇಲಾಖೆಯವರು ಅದನ್ನು ಕಿವಿಯೋಲೆ ಎಂದು ಚೆಂದದ ಹೆಸರಿನಿಂದ ಕರೆಯುತ್ತಾರೆ. ಸೋದರಮಾವನ ಅಂಗಳದಲ್ಲಿ ನಿಂತಿದ್ದ ಖಿಲಾರಿ ಎತ್ತಿನ ಕಿವಿ ಹಿಡಿದು, "ಮಾಮಾ, ಈ ನಂಬರ್ ನಿಮಗ ನೆನಪೈತೇನು?" ಎಂದು ಕೇಳಿದೆ. ಅವರು ನಕ್ಕರು. "ಎತ್ತು ನಂದು ತಮ್ಮಾ, ನಂಬರ್ ಸರಕಾರದ್ದು. ಅವರಿಗೆ ನೆನಪಿದ್ರ ಸಾಕು" ಎಂದರು.

ಹಾಸ್ಯವಾಗಿ ಆಡಿದ ಈ ಮಾತು ಬೆಂಗಳೂರಿಗೆ ಮರಳಿದ ಮೇಲೂ ನನ್ನನ್ನು ಬಿಡಲಿಲ್ಲ. ಒಂದೊಂದು ಜಾನುವಾರನ್ನೂ ಪ್ರತ್ಯೇಕವಾಗಿ ಗುರುತಿಸಿ, ಅದರ ಜನನ, ಲಸಿಕೆ, ಗರ್ಭಧಾರಣೆ, ಮಾರಾಟ, ಮರಣಗಳನ್ನೆಲ್ಲ ಗಣಕದಲ್ಲಿ ದಾಖಲಿಸುವ ಕೆಲಸಕ್ಕೆ ನಮ್ಮ ದೇಶ ಕೈಹಾಕಿ ಹಲವು ವರ್ಷಗಳಾದವು. ಅದು ಒಳ್ಳೆಯ ಕೆಲಸವೇ ಎಂಬ ಬಗ್ಗೆ ನನಗೆ ಸಂದೇಹವಿಲ್ಲ. ಆದರೆ ಆ ದಾಖಲೆ ಯಾರ ಉಪಯೋಗಕ್ಕೆ, ಅದರ ಮೊದಲ ಪುಟದಂತೆ ಕೊನೆಯ ಪುಟವನ್ನೂ ನಾವು ಪ್ರಾಮಾಣಿಕವಾಗಿ ಬರೆಯುತ್ತಿದ್ದೇವೆಯೇ ಎಂಬ ಪ್ರಶ್ನೆಗಳನ್ನು ಯಾರೂ ಅಷ್ಟಾಗಿ ಕೇಳಿದಂತಿಲ್ಲ.

ಮೊದಲು ಸಂಗತಿಗಳನ್ನು ನೋಡೋಣ. 2017ರ ಆರಂಭದಲ್ಲಿ ಕೇಂದ್ರ ಸರ್ಕಾರವು ಸುಮಾರು 8.8 ಕೋಟಿ ಹಾಲು ಕರೆಯುವ ಹಸು, ಎಮ್ಮೆಗಳಿಗೆ ಗುರುತಿನ ಸಂಖ್ಯೆ ನೀಡುವ ಯೋಜನೆಯನ್ನು ಕೈಗೆತ್ತಿಕೊಂಡಿತು. ಎಂಟು ಗ್ರಾಂ ತೂಕದ, ಎಂಟು ರೂಪಾಯಿ ಬೆಲೆಯ ಬಿಲ್ಲೆ ಎಂದು ಆಗ ಹೇಳಲಾಯಿತು. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ರೂಪಿಸಿದ ಗಣಕ ಜಾಲದಲ್ಲಿ ಈ ವಿವರಗಳು ಸೇರತೊಡಗಿದವು. 2019ರ ಸೆಪ್ಟೆಂಬರ್ 11ರಂದು ಮಥುರೆಯಲ್ಲಿ ಪ್ರಧಾನಿಯವರು 13,343 ಕೋಟಿ ರೂಪಾಯಿಗಳ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮಕ್ಕೆ ಚಾಲನೆ ನೀಡಿದರು. ಕಾಲುಬಾಯಿ ರೋಗ ಮತ್ತು ಬ್ರುಸೆಲ್ಲಾ ರೋಗಗಳನ್ನು ಹತೋಟಿಗೆ ತರುವುದು ಅದರ ಗುರಿ. ಲಸಿಕೆ ಹಾಕುವಾಗ ಕಿವಿಯ ಸಂಖ್ಯೆಯನ್ನು ನಮೂದಿಸಬೇಕಾದ್ದರಿಂದ, ಹಾಲು ಕೊಡುವ ಹಸುವಿಗೆ ಮೀಸಲಾಗಿದ್ದ ಬಿಲ್ಲೆ ಗಳೇವು ಹೊಡೆಯುವ ಎತ್ತಿನ ಕಿವಿಗೂ ಬಂತು. ಈಗ ಈ ಎಲ್ಲ ವಿವರಗಳು 'ಭಾರತ್ ಪಶುಧನ್' ಎಂಬ ಹೊಸ ಜಾಲದಲ್ಲಿ ಸಂಗ್ರಹವಾಗುತ್ತಿವೆ. ಒಡೆಯನ ಹೆಸರು, ಮೊಬೈಲ್ ಸಂಖ್ಯೆಗಳೂ ಜಾನುವಾರಿನ ಸಂಖ್ಯೆಯೊಡನೆ ಹೆಣೆದುಕೊಂಡಿವೆ.

ಗುರುತು ಹಿಡಿಯುವ ವಿದ್ಯೆ ನಮ್ಮ ರೈತನಿಗೆ ಹೊಸತೇನಲ್ಲ. ಬಿಜಾಪುರ ಸೀಮೆಯ ಒಕ್ಕಲಿಗ ಎತ್ತು ಕೊಳ್ಳುವಾಗ ಮೊದಲು ಸುಳಿ ನೋಡುತ್ತಾನೆ. ಆಮೇಲೆ ಬಣ್ಣ, ಕೊಂಬಿನ ತಿರುವು, ಗೊರಸು, ನಡಿಗೆ. ಬಾಯಿ ತೆರೆಸಿ ಹಲ್ಲೆಣಿಸುತ್ತಾನೆ. ಎರಡು ವರ್ಷ ದಾಟುವ ಹೊತ್ತಿಗೆ ಮೊದಲ ಜೋಡಿ ಹಲ್ಲು ಬರುತ್ತದೆ, ಐದರ ಸುಮಾರಿಗೆ ಎಂಟೂ ಬಂದು ಬಾಯಿ ಕೂಡುತ್ತದೆ. ಸಂತೆಯಲ್ಲಿ ದಲ್ಲಾಳಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುವಾಗ ಈ ಎಲ್ಲ ಜ್ಞಾನವೂ ಆ ಬೆರಳುಗಳಲ್ಲಿ ಸೇರಿರುತ್ತದೆ. ಆದರೆ ಈ ಜ್ಞಾನಕ್ಕೆ ಮಿತಿಯಿದೆ. ಬಾಯಿ ಕೂಡಿದ ಮೇಲೆ ವಯಸ್ಸು ಕೇವಲ ಅಂದಾಜು. ಯಾವ ಲಸಿಕೆ ಬಿದ್ದಿದೆ, ಯಾವ ರೋಗ ಬಂದು ಹೋಗಿದೆ, ಯಾವ ಊರಿನಿಂದ ಬಂದಿದೆ ಎಂಬುದನ್ನು ಸುಳಿ ಹೇಳುವುದಿಲ್ಲ.

ಅರಸರಿಗೂ ಈ ವಿದ್ಯೆ ಬೇಕಾಗಿತ್ತು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ' ಮುಂದೆ ಟಿಪ್ಪುವಿನ ಕಾಲಕ್ಕೆ 'ಅಮೃತಮಹಲ್' ಆಯಿತು. ಅರಮನೆಗೆ ಹಾಲು, ಬೆಣ್ಣೆ ಒದಗಿಸಲು ಕಟ್ಟಿದ ಹಿಂಡು, ಫಿರಂಗಿ ಎಳೆಯುವ, ಸರಂಜಾಮು ಸಾಗಿಸುವ ಎತ್ತುಗಳ ತವರಾಯಿತು. ಹಿಂಡುಗಳನ್ನು ಒಂದೆಡೆ ಕೂಡಿಸಿ ಎಣಿಸುವ ಪದ್ಧತಿಯೂ ಅಲ್ಲಿತ್ತು. ಆದರೆ ಅದು ದೊರೆ ತನ್ನ ದನಗಳನ್ನು ತನ್ನ ಕೆಲಸಕ್ಕಾಗಿ ಎಣಿಸಿಕೊಂಡ ಬಗೆ. ಇಂದಿನ ಪ್ರಶ್ನೆ ಬೇರೆ. ಪ್ರಜೆಯ ಹಟ್ಟಿಯಲ್ಲಿರುವ ದನವನ್ನು ಪ್ರಭುತ್ವ ಎಣಿಸುವಾಗ, ಅದು ಯಾರ ಕೆಲಸಕ್ಕಾಗಿ?

ಜಗತ್ತಿನಲ್ಲಿ ಬಿಡಿ ಜಾನುವಾರಿನ ಜಾಡು ಹಿಡಿಯುವ ವ್ಯವಸ್ಥೆ ಬಿಗಿಯಾದದ್ದು ಮುಖ್ಯವಾಗಿ ಗೋಮಾಂಸದ ವ್ಯಾಪಾರದಿಂದ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. 1996ರ ಮಾರ್ಚ್‌ನಲ್ಲಿ ಬ್ರಿಟನ್ ಸರ್ಕಾರವು, ದನಗಳ ಹುಚ್ಚುರೋಗಕ್ಕೂ ಮನುಷ್ಯರಲ್ಲಿ ಕಾಣಿಸಿಕೊಂಡ ಮಾರಕ ಮಿದುಳು ರೋಗಕ್ಕೂ ನಂಟಿರಬಹುದೆಂದು ಒಪ್ಪಿಕೊಂಡಿತು. ಕೆಲವೇ ದಿನಗಳಲ್ಲಿ ಐರೋಪ್ಯ ಒಕ್ಕೂಟ ಬ್ರಿಟಿಷ್ ಗೋಮಾಂಸವನ್ನು ನಿಷೇಧಿಸಿತು. ನಲವತ್ತು ಲಕ್ಷಕ್ಕೂ ಹೆಚ್ಚು ದನಗಳನ್ನು ಕೊಂದು ನಾಶಪಡಿಸಬೇಕಾಯಿತು. ಅದೇ ವರ್ಷ ಅಲ್ಲಿ ಹುಟ್ಟುವ ಕರುಗಳಿಗೆ ಪಾಸ್‌ಪೋರ್ಟ್ ಕಡ್ಡಾಯವಾಯಿತು. ಜಪಾನಿನಲ್ಲಿ 2001ರಲ್ಲಿ ಈ ರೋಗ ಕಾಣಿಸಿಕೊಂಡಾಗ, 2003ರಲ್ಲಿ ಕಾನೂನೇ ಬಂತು. ಅಲ್ಲಿನ ಗೃಹಿಣಿ ಅಂಗಡಿಯಲ್ಲಿ ಮಾಂಸದ ಪೊಟ್ಟಣದ ಮೇಲಿನ ಹತ್ತಂಕಿಯ ಸಂಖ್ಯೆ ಹಿಡಿದು ಆ ದನ ಎಲ್ಲಿ ಹುಟ್ಟಿತು, ಎಲ್ಲಿ ಬೆಳೆಯಿತು ಎಂಬುದನ್ನು ತಿಳಿಯಬಲ್ಲಳು. ಮನುಷ್ಯರಿಗಿಂತ ಮೂರು ಪಟ್ಟು ಹೆಚ್ಚು ದನಗಳಿರುವ ಉರುಗ್ವೆ 2006ರಿಂದ ಹುಟ್ಟುವ ಪ್ರತಿ ಕರುವಿಗೂ ವಿದ್ಯುನ್ಮಾನ ಬಿಲ್ಲೆಯನ್ನು ಕಡ್ಡಾಯಗೊಳಿಸಿತು; ಬಿಲ್ಲೆಯ ಖರ್ಚನ್ನು ಸರ್ಕಾರವೇ ಹೊತ್ತಿತು. ಆಫ್ರಿಕದ ಬೋಟ್ಸ್‌ವಾನಾ, ಯುರೋಪಿನ ಮಾರುಕಟ್ಟೆ ಕಳೆದುಕೊಳ್ಳಬಾರದೆಂದು, ದನದ ಹೊಟ್ಟೆಯಲ್ಲಿಯೇ ಉಳಿಯುವ, ಸಂಖ್ಯೆ ಹೊತ್ತ ಪುಟ್ಟ ಪಿಂಗಾಣಿ ಗುಳಿಗೆಯನ್ನು ನುಂಗಿಸುವ ಕ್ರಮವನ್ನು ಜಾರಿಗೆ ತಂದಿತು. ಬಯಲಲ್ಲಿ ಮುಳ್ಳುಕಂಟಿಗಳ ನಡುವೆ ಮೇಯುವ ದನದ ಕಿವಿಯಲ್ಲಿ ಬಿಲ್ಲೆ ಉಳಿಯುವುದಿಲ್ಲ ಎಂಬುದನ್ನು ಅಲ್ಲಿನವರು ಮೊದಲೇ ಬಲ್ಲವರಾಗಿದ್ದರು.

ಈ ವ್ಯವಸ್ಥೆಗಳ ಬಗ್ಗೆ ನಮಗೆ ಏನೇ ಅಭಿಪ್ರಾಯವಿರಲಿ, ಅವುಗಳಲ್ಲಿ ಒಂದು ಪ್ರಾಮಾಣಿಕತೆಯಿದೆ. ದಾಖಲೆ ಹುಟ್ಟಿನಿಂದ ಆರಂಭವಾಗಿ ಸಾವಿನಲ್ಲಿ ಮುಗಿಯುತ್ತದೆ. ಅದನ್ನು ಓದುವವರು ಯಾರೆಂಬುದೂ ಸ್ಪಷ್ಟ. ತಿನ್ನುವವನಿಗೆ ಭರವಸೆ ಬೇಕು. ಆ ಭರವಸೆಗೆ ಆತ ಬೆಲೆ ತೆರುತ್ತಾನೆ. ಆ ಬೆಲೆಯಲ್ಲಿ ಒಂದು ಪಾಲು ಸಾಕಿದವನಿಗೆ ಸಲ್ಲುತ್ತದೆ. ಆದ್ದರಿಂದಲೇ ಸಾಕುವವನು, ಗೊಣಗುತ್ತಲಾದರೂ, ಬಿಲ್ಲೆಯನ್ನು ಒಪ್ಪಿಕೊಳ್ಳುತ್ತಾನೆ.

ನಮ್ಮಲ್ಲಿ ಹಾಗಿಲ್ಲ. ನಮ್ಮ ಬಿಲ್ಲೆಗೆ ಹುಟ್ಟಿದಂದಿನಿಂದಲೂ ಎರಡು ಮುಖಗಳು. 2017ರ ಜನವರಿಯಲ್ಲಿ ಅದು ಹಾಲಿನ ಇಳುವರಿ ಹೆಚ್ಚಿಸುವ, ಲಸಿಕೆ ತಪ್ಪದಂತೆ ನೋಡಿಕೊಳ್ಳುವ ಸಾಧನ. ಅದೇ ವರ್ಷದ ಏಪ್ರಿಲ್‌ನಲ್ಲಿ, ಬಾಂಗ್ಲಾದೇಶದ ಗಡಿಯಲ್ಲಿನ ದನಗಳ ಕಳ್ಳಸಾಗಣೆಯ ಪ್ರಕರಣದಲ್ಲಿ ಕೇಂದ್ರವು ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಸಮಿತಿಯ ವರದಿಯಲ್ಲಿ, ಹಸು ಮತ್ತು ಅದರ ಸಂತತಿಗೆ ವಿಶಿಷ್ಟ ಸಂಖ್ಯೆ ನೀಡಿ, ವಯಸ್ಸು, ತಳಿ, ಬಣ್ಣ, ಕೊಂಬಿನ ಬಗೆ, ವಿಶೇಷ ಗುರುತುಗಳನ್ನು ನಮೂದಿಸಬೇಕೆಂಬ ಶಿಫಾರಸು ಇತ್ತು. ಅಂದರೆ ಒಂದೇ ಸಂಖ್ಯೆ ವೈದ್ಯನ ಕೈಯಲ್ಲಿ ಚಿಕಿತ್ಸೆಯ ಚೀಟಿ, ಪೊಲೀಸನ ಕೈಯಲ್ಲಿ ಸಾಕ್ಷ್ಯ. ಇವೆರಡರಲ್ಲಿ ಯಾವುದು ಮೊದಲು ಎಂಬುದನ್ನು ಯಾರೂ ರೈತನಿಗೆ ಬಿಡಿಸಿ ಹೇಳಿಲ್ಲ. ಹೀಗಿರುವಾಗ ಕಿವಿಗೆ ಬಿಲ್ಲೆ ಹಾಕಲು ಬಂದವರನ್ನು ಕಂಡು ದನ ಹಿತ್ತಿಲಿಗೆ ಅಟ್ಟುವ ರೈತನನ್ನು ಅಜ್ಞಾನಿ ಎನ್ನುವುದು ಸುಲಭ, ನ್ಯಾಯವಲ್ಲ.

ನಮ್ಮ ಮಾವನ ಮನೆಯಲ್ಲಿ ನಡೆದ ಘಟನೆಯನ್ನೇ ಹೇಳುತ್ತೇನೆ. ಅವರ ಜೋಡಿಯಲ್ಲಿ ಒಂದಕ್ಕೆ ಹಂಡ ಎಂದು ಹೆಸರು. ಮೈಮೇಲೆ ಮಚ್ಚೆಗಳಿದ್ದ ಎತ್ತು. ಗಡಿಯಾಚೆಯ ಸಂತೆಯೊಂದರಲ್ಲಿ ಕೊಂಡು ತಂದದ್ದು. ಊರಿಗೆ ಬಂದ ಮೇಲೆ ಲಸಿಕೆ ಹಾಕಲು ಬಂದ ಹುಡುಗ ಮೊಬೈಲಿನಲ್ಲಿ ಸಂಖ್ಯೆ ಒತ್ತಿದಾಗ ಒಡೆಯನ ಜಾಗದಲ್ಲಿ ಕಾಣಿಸಿದ್ದು ಮಾರಿದವನ ಹೆಸರು. ಮಾರಿದವನಾಗಲಿ ಕೊಂಡವರಾಗಲಿ ಅದನ್ನು ಬದಲಿಸಿರಲಿಲ್ಲ. ಬದಲಿಸಬೇಕೆಂದು ಸಂತೆಯಲ್ಲಿ ಹೇಳುವವರೂ ಇರಲಿಲ್ಲ. ಹೆಸರೇನೋ ಕೊನೆಗೆ ಸರಿಯಾಯಿತು. ಸಾಲ ಮಾಡಿ ತಂದ ಎತ್ತಾದ್ದರಿಂದ ವಿಮೆಯನ್ನೂ ಮಾಡಿಸಿದರು. ಒಂದು ವರ್ಷ ಕಳೆಯುವುದರೊಳಗೆ ಹೊಲದ ಬದುವಿನ ಜಾಲಿಕಂಟಿಗೆ ಸಿಕ್ಕು ಕಿವಿ ಹರಿಯಿತು, ಬಿಲ್ಲೆ ಎಲ್ಲೋ ಬಿದ್ದಿತು. ಮಾವ ಗಾಯಕ್ಕೆ ಅರಿಶಿನ ಹಚ್ಚಿ ಮರೆತರು.

2022ರಲ್ಲಿ ಚರ್ಮಗಂಟು ರೋಗ ಬಂತು. ಭಾರತದಲ್ಲಿ 2019ರಲ್ಲಿ ಒಡಿಶಾದಲ್ಲಿ ಮೊದಲು ಕಾಣಿಸಿಕೊಂಡ ಈ ರೋಗ, ಮೂರು ವರ್ಷಗಳ ನಂತರ ದೇಶವನ್ನೆಲ್ಲ ವ್ಯಾಪಿಸಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜಾನುವಾರುಗಳನ್ನು ಬಲಿ ಪಡೆಯಿತು. ಉತ್ತರ ಕರ್ನಾಟಕದ ಸಂತೆ, ಜಾತ್ರೆಗಳು ನಿಂತವು. ಹಂಡನ ಮೈತುಂಬ ಗಂಟು ಎದ್ದು, ಮೇವು ಬಿಟ್ಟು, ಹತ್ತು ದಿನದೊಳಗೆ ಕಣ್ಣು ಮುಚ್ಚಿತು. ರಾಜ್ಯ ಸರ್ಕಾರ ಸತ್ತ ಎತ್ತಿಗೆ 30 ಸಾವಿರ, ಹಸುವಿಗೆ 20 ಸಾವಿರ, ಕರುವಿಗೆ 5 ಸಾವಿರ ರೂಪಾಯಿ ಪರಿಹಾರ ಘೋಷಿಸಿತ್ತು. ಊರಿನ ಪಶುವೈದ್ಯರು ಹಂಡನನ್ನು ಕಣ್ಣಾರೆ ಬಲ್ಲವರು, ಕೊನೆಯ ದಿನಗಳಲ್ಲಿ ಸೂಜಿ ಹಾಕಿದವರು. ಅವರು ಬರೆದುಕೊಟ್ಟರು, ಪರಿಹಾರ ಬಂತು. ವಿಮೆಯ ಹಣ ಮಾತ್ರ ಬರಲಿಲ್ಲ. ಬಿಲ್ಲೆ ಒಪ್ಪಿಸದಿದ್ದರೆ ಹಣವಿಲ್ಲ ಎಂಬುದು ಜಾನುವಾರು ವಿಮೆಯ ಸಾಮಾನ್ಯ ನಿಯಮ. ಮಾವ ಕಚೇರಿಯ ಮೇಜಿನ ಮುಂದೆ ನಿಂತು ಎತ್ತಿನ ಸುಳಿ, ಮಚ್ಚೆ, ಕೊಂಬಿನ ವಿವರಗಳನ್ನೆಲ್ಲ ಹೇಳಿದರಂತೆ. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಅಲ್ಲಿ ಬೇಕಾಗಿದ್ದದ್ದು ಎತ್ತಿನ ಗುರುತಲ್ಲ, ಬಿಲ್ಲೆ.

ವಿಮೆಯವರಿಗೂ ಒಂದು ವಾದವಿದೆ. ಒಂದೇ ಎತ್ತಿನ ಸಾವಿಗೆ ಮೂರು ಕಡೆ ಹಣ ಕೇಳಿದ ಕತೆಗಳನ್ನು ಅವರೂ ಹೇಳುತ್ತಾರೆ. ಅದನ್ನು ನಾನು ತಳ್ಳಿಹಾಕುವುದಿಲ್ಲ. ನಾನು ಹೇಳುವುದಿಷ್ಟೇ. ಎಂಟು ರೂಪಾಯಿಯ ಪ್ಲಾಸ್ಟಿಕ್ ಚೂರು ಬಿದ್ದುಹೋದರೆ ಹತ್ತಾರು ಸಾವಿರದ ಹಕ್ಕು ಬಿದ್ದುಹೋಗುವುದಾದರೆ, ನಷ್ಟದ ಹೊಣೆಯನ್ನೆಲ್ಲ ನಾವು ಅತ್ಯಂತ ದುರ್ಬಲನ ಹೆಗಲಿಗೆ ಹೊರಿಸಿದಂತಾಯಿತು. ದನದ ಮೂಗಿನ ಮೇಲಿನ ಗೆರೆಗಳು ಮನುಷ್ಯನ ಹೆಬ್ಬೆರಳಿನ ಗುರುತಿನಂತೆಯೇ ಒಂದರಂತೆ ಒಂದಿರುವುದಿಲ್ಲ. ಅದನ್ನು ಮೊಬೈಲಿನಿಂದ ಚಿತ್ರ ತೆಗೆದು ಗುರುತಿಸುವ ತಂತ್ರ ಈಗ ನಮ್ಮ ದೇಶದಲ್ಲಿಯೇ ಬಳಕೆಗೆ ಬಂದಿದೆ. ಅದು ಜಾಲಿಕಂಟಿಗೆ ಸಿಕ್ಕು ಹರಿಯುವುದಿಲ್ಲ. ಕಳ್ಳ ಅದನ್ನು ಕತ್ತರಿಸಿ ಎಸೆಯಲಾರ. ತಂತ್ರಜ್ಞಾನ ರೈತನ ಪರವಾಗಿ ನಿಲ್ಲಬೇಕೆಂದರೆ ನಿಲ್ಲಬಲ್ಲದು. ನಿಲ್ಲಿಸುವ ಮನಸ್ಸು ಬೇಕು.

ಇನ್ನು ದಾಖಲೆಯ ಕೊನೆಯ ಪುಟದ ಮಾತು. ಇಲ್ಲಿಯೇ ನಮ್ಮ ವ್ಯವಸ್ಥೆಯ ದೊಡ್ಡ ಬಿರುಕಿರುವುದು.

ಕರ್ನಾಟಕದ 1964ರ ಕಾಯ್ದೆಯು ಹಸುವಿನ ವಧೆಯನ್ನು ನಿಷೇಧಿಸಿತ್ತು. ಹನ್ನೆರಡು ವರ್ಷ ಮೀರಿದ ಅಥವಾ ಕೆಲಸಕ್ಕೆ ಬಾರದ ಎತ್ತು, ಕೋಣ, ಎಮ್ಮೆಗಳನ್ನು ಅಧಿಕಾರಿಯ ಪ್ರಮಾಣಪತ್ರದೊಡನೆ ಕಸಾಯಿಖಾನೆಗೆ ಕೊಡಲು ಅವಕಾಶವಿತ್ತು. 2021ರಲ್ಲಿ ಜಾರಿಗೆ ಬಂದ ಹೊಸ ಕಾಯ್ದೆಯು ಎತ್ತು, ಹೋರಿಗಳನ್ನೂ ಎಲ್ಲ ವಯಸ್ಸಿನಲ್ಲಿ ನಿಷೇಧದ ವ್ಯಾಪ್ತಿಗೆ ತಂದಿತು. ಹದಿಮೂರು ವರ್ಷ ಮೀರಿದ ಎಮ್ಮೆ, ಕೋಣಗಳನ್ನು ಮಾತ್ರ ಹೊರಗಿಟ್ಟಿತು. ತಪ್ಪಿತಸ್ಥನಿಗೆ ಮೂರರಿಂದ ಏಳು ವರ್ಷ ಸೆರೆ, ಐವತ್ತು ಸಾವಿರದಿಂದ ಐದು ಲಕ್ಷದವರೆಗೆ ದಂಡ. ನೆರೆಯ ಮಹಾರಾಷ್ಟ್ರ 2015ರಲ್ಲಿಯೇ ಎತ್ತು, ಹೋರಿಗಳ ವಧೆಯನ್ನು ನಿಷೇಧಿಸಿತ್ತು. ಭೀಮೆಯ ಎರಡೂ ದಂಡೆಗಳಲ್ಲಿ ಈಗ ಒಂದೇ ನಿಯಮ.

ಗೋಹತ್ಯೆಯ ಪ್ರಶ್ನೆಯನ್ನು ಈ ಅಂಕಣದಲ್ಲಿ ತೀರ್ಮಾನಿಸಲು ನಾನು ಹೊರಟಿಲ್ಲ. ಅದರಲ್ಲಿ ಶ್ರದ್ಧೆಯಿದೆ, ಆಹಾರದ ಹಕ್ಕಿದೆ, ರಾಜಕಾರಣವೂ ಇದೆ. ಬಸವನ ಬಾಗೇವಾಡಿಯ ನಂದಿಗೆ ಕೈಮುಗಿಯುವ ನಾಡು ನಮ್ಮದು. ನಮ್ಮ ಮಾವ ಹಂಡನನ್ನು ಹೊಲದ ಮೂಲೆಯಲ್ಲಿ ಮಣ್ಣು ಮಾಡಿ, ಮನುಷ್ಯರಿಗೆ ಮಾಡುವಂತೆ ವಿಭೂತಿ ಹಚ್ಚಿದವರು. ಅವರಿಗೆ ಯಾರೂ ಗೋಭಕ್ತಿಯ ಪಾಠ ಹೇಳಬೇಕಾಗಿಲ್ಲ. ಆದರೆ ಅವರ ಜೋಡಿಯ ಇನ್ನೊಂದು ಎತ್ತು ಮುಪ್ಪಾದಾಗ ಏನು ಮಾಡಬೇಕು? ಹಿಂದೆ ಮುದಿ ಎತ್ತನ್ನು ಮಾರಿ, ಬಂದ ಹಣಕ್ಕೆ ಕೈಯಿಂದ ಒಂದಷ್ಟು ಸೇರಿಸಿ ಹೋರಿ ತರುವುದಿತ್ತು. ಆ ಹಣ ಎಲ್ಲಿಂದ ಬರುತ್ತದೆಂದು ಎಲ್ಲರಿಗೂ ತಿಳಿದಿತ್ತು. ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಆ ದಾರಿ ಮುಚ್ಚಿದೆ. ಬದಲಿ ದಾರಿ ತೆರೆದಿಲ್ಲ.

ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ 'ಪುಣ್ಯಕೋಟಿ ದತ್ತು' ಯೋಜನೆಯಲ್ಲಿ ಗೋಶಾಲೆಯ ಒಂದು ಜಾನುವಾರನ್ನು ಒಂದು ವರ್ಷ ಸಾಕಲು ದಾನಿಯಿಂದ ಕೇಳಿದ್ದು 11,000 ರೂಪಾಯಿ. ದಿನಕ್ಕೆ ಸುಮಾರು ಮೂವತ್ತು ರೂಪಾಯಿ. ಸರ್ಕಾರದ ಈ ಲೆಕ್ಕವನ್ನೇ ಹಿಡಿದರೂ, ದುಡಿಯಲಾರದ ಎತ್ತನ್ನು ಐದು ವರ್ಷ ಸಾಕುವ ರೈತ ಐವತ್ತೈದು ಸಾವಿರ ರೂಪಾಯಿಗಳನ್ನು ಸಮಾಜದ ಶ್ರದ್ಧೆಯ ಪರವಾಗಿ ತನ್ನ ಕಿಸೆಯಿಂದ ತೆರುತ್ತಾನೆ. ಅವನ ಹೆಸರು ಯಾವ ದಾನಿಗಳ ಪಟ್ಟಿಯಲ್ಲಿಯೂ ಇಲ್ಲ.

ಇದರ ಫಲವೇನೆಂಬುದನ್ನು ಅಂಕಿಗಳೇ ಹೇಳುತ್ತವೆ. 2019ರ ಇಪ್ಪತ್ತನೆಯ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ 19.25 ಕೋಟಿ ದನಗಳಿದ್ದವು. 2012ಕ್ಕೆ ಹೋಲಿಸಿದರೆ ಹೆಣ್ಣು ದನಗಳು ಶೇ 18ರಷ್ಟು ಹೆಚ್ಚಿ 14.5 ಕೋಟಿ ಮುಟ್ಟಿದರೆ, ಗಂಡು ದನಗಳು ಶೇ 30ರಷ್ಟು ಕುಸಿದು 4.74 ಕೋಟಿಗೆ ಇಳಿದವು. ಟ್ರ್ಯಾಕ್ಟರ್ ಬಂದದ್ದು ಇದಕ್ಕೆ ದೊಡ್ಡ ಕಾರಣ, ನಿಜ. ಆದರೆ ಮಾರಲಾಗದ, ಸಾಕಲಾಗದ ಪ್ರಾಣಿಯನ್ನು ಯಾರು ತಾನೇ ಬೆಳೆಸಿಯಾರು? ಎತ್ತನ್ನು ಉಳಿಸುವ ಕಾನೂನುಗಳ ಕಾಲದಲ್ಲಿಯೇ ಎತ್ತು ಹಟ್ಟಿಯಿಂದ ಮರೆಯಾಗುತ್ತಿರುವುದು ವಿಪರ್ಯಾಸ. ಕಪ್ಪು ಎರೆಮಣ್ಣಿನಲ್ಲಿ ಭಾರ ಎಳೆಯಲೆಂದೇ ರೂಪುಗೊಂಡ ಕೃಷ್ಣಾ ಕಣಿವೆಯ ತಳಿಯನ್ನು ಇಂದು ಹುಡುಕಿ ನೋಡಬೇಕಾದ ಸ್ಥಿತಿಯಿದೆ. ಖಿಲಾರಿಗೂ ನಾಳೆ ಅದೇ ಗತಿ ಬಾರದಿರಲಿ.

ಬಿಲ್ಲೆಯ ದಾಖಲೆಯಲ್ಲಿ ಈ ಕತೆ ಹೇಗೆ ಕಾಣಿಸೀತು? ಜನನ, ಲಸಿಕೆ, ಮತ್ತೊಂದು ಲಸಿಕೆ, ಆಮೇಲೆ ಮೌನ. ರಾತ್ರಿ ಹೊತ್ತು ಕಿವಿಯ ಬಿಲ್ಲೆ ಕತ್ತರಿಸಿ ಹೆದ್ದಾರಿಗೆ ಬಿಟ್ಟ ಎತ್ತು ಗಣಕದಲ್ಲಿ ಇನ್ನೂ ಬದುಕಿರುತ್ತದೆ. ತೆರೆಮರೆಯಲ್ಲಿ ಮಾರಿದ ಎತ್ತೂ ಅಲ್ಲಿ ಬದುಕಿರುತ್ತದೆ. ನಿಜ ಹೇಳಿದವನಿಗೆ ಅಪಾಯ, ಮುಚ್ಚಿಟ್ಟವನಿಗೆ ನೆಮ್ಮದಿ ಎಂಬಂತಿದ್ದರೆ ಎಂಥ ಉತ್ತಮ ಯಂತ್ರವೂ ಸುಳ್ಳನ್ನೇ ಸಂಗ್ರಹಿಸುತ್ತದೆ. ಹೀಗೆ ಸಂಗ್ರಹವಾದ ಸುಳ್ಳಿನ ಮೇಲೆ ನಾಳೆ ಮೇವಿನ ಯೋಜನೆ, ಲಸಿಕೆಯ ಲೆಕ್ಕ, ತಳಿ ಸಂರಕ್ಷಣೆಯ ನೀತಿಗಳೆಲ್ಲ ನಿಲ್ಲಬೇಕಾಗುತ್ತದೆ.

ಹಾಗೆಂದು ಬಿಲ್ಲೆಯೇ ಬೇಡವೆನ್ನುವವರ ಜೊತೆ ನಾನಿಲ್ಲ. ಕಾಲುಬಾಯಿ ರೋಗ ಬಂದ ಎತ್ತು ಮುಂಗಾರಿನ ಹದಕ್ಕೆ ನಿಲ್ಲಲಾರದು. ಒಂದು ಹಂಗಾಮು ತಪ್ಪಿದರೆ ಒಕ್ಕಲುತನದ ಒಂದು ವರ್ಷವೇ ತಪ್ಪುತ್ತದೆ. ಲಸಿಕೆ ಬಿದ್ದ ದನ ಯಾವುದು, ಬೀಳದ್ದು ಯಾವುದು ಎಂದು ತಿಳಿಯದೆ ಲಸಿಕೆಯಿಂದ ಈ ರೋಗವನ್ನು ಹತೋಟಿಗೆ ತರುವುದು ಕಷ್ಟ. ವರ್ಷಕ್ಕೆ ಮುನ್ನೂರು ಕೋಟಿ ಡಾಲರಿಗೂ ಮಿಕ್ಕಿ ಎಮ್ಮೆ ಮಾಂಸ ರಫ್ತು ಮಾಡುವ ನಮ್ಮ ದೇಶಕ್ಕೆ, ಹೆಚ್ಚು ಬೆಲೆ ಕೊಡುವ ಅನೇಕ ಮಾರುಕಟ್ಟೆಗಳ ಬಾಗಿಲು ಮುಚ್ಚಿರುವುದು ಮುಖ್ಯವಾಗಿ ಈ ರೋಗದ ಕಾರಣಕ್ಕೆ. ಹದಿಮೂರು ವರ್ಷದ ಎಮ್ಮೆಯ ವಯಸ್ಸನ್ನು ಹಲ್ಲು ನೋಡಿ ನಿಖರವಾಗಿ ಹೇಳುವವರು ಯಾರೂ ಇಲ್ಲ. ಜನನ ದಿನಾಂಕವಿರುವ ಬಿಲ್ಲೆಯೇ ಅಲ್ಲಿ ರೈತನಿಗೂ ವ್ಯಾಪಾರಿಗೂ ರಕ್ಷೆಯಾಗಬಲ್ಲದು. ಮಹಾರಾಷ್ಟ್ರದಲ್ಲಿ 2024ರ ಜೂನ್‌ನಿಂದ ಬಿಲ್ಲೆಯಿಲ್ಲದ ಜಾನುವಾರುಗಳ ಮಾರಾಟಕ್ಕೆ ನಿರ್ಬಂಧ ಬಂದಿದೆ. ಖಿಲಾರಿ ಎತ್ತುಗಳಿಗೆ ಹೆಸರಾದ ಸಾಂಗೋಲೆಯಂಥ ಸಂತೆಗಳನ್ನು ನಂಬಿದ ನಮ್ಮ ಗಡಿಯ ರೈತರು ಬೇಕೆಂದರೂ ಬೇಡವೆಂದರೂ ಈ ವ್ಯವಸ್ಥೆಯ ಒಳಗೇ ಇದ್ದಾರೆ. ಆದ್ದರಿಂದ ಅದನ್ನು ನ್ಯಾಯವಾಗಿಸುವುದೇ ಉಳಿದಿರುವ ಮಾರ್ಗ.

ಅದಕ್ಕೆ ಏನು ಮಾಡಬೇಕು? ಮೊದಲನೆಯದಾಗಿ, ದಾಖಲೆ ಒಡೆಯನ ಕೈಗೆ ಸಿಗಬೇಕು, ಕನ್ನಡದಲ್ಲಿ, ಕಾಗದದ ಮೇಲೆ. ಬ್ಯಾಂಕಿನ ಪಾಸ್‌ಬುಕ್ಕಿನಂಥ ಒಂದು ಪುಸ್ತಿಕೆ ಸಾಕು. ಲಸಿಕೆ ಹಾಕಿದವರು ಅದರಲ್ಲಿ ಬರೆದು ಸಹಿ ಮಾಡಲಿ. ಎರಡನೆಯದಾಗಿ, ಒಡೆತನದ ಬದಲಾವಣೆ ಸಂತೆಯಲ್ಲಿಯೇ ಆಗಬೇಕು. ಕೃಷಿ ಮಾರುಕಟ್ಟೆ ಸಮಿತಿಯು ಜಾನುವಾರು ಸಂತೆಯಲ್ಲಿ ಶುಲ್ಕ ವಸೂಲು ಮಾಡುವ ಮೇಜಿನ ಪಕ್ಕದಲ್ಲಿ ಇನ್ನೊಂದು ಮೇಜು ಹಾಕುವುದು ದುಬಾರಿಯ ಕೆಲಸವಲ್ಲ. ಮೂರನೆಯದಾಗಿ, ಬಿಲ್ಲೆ ಕಳೆದದ್ದೇ ವಿಮೆ ನಿರಾಕರಿಸಲು ಕಾರಣವಾಗಬಾರದು. ಮೂಗಿನ ಗುರುತು, ಚಿತ್ರ, ಪಶುವೈದ್ಯರ ಪ್ರಮಾಣಪತ್ರ, ಇವುಗಳಲ್ಲಿ ಎರಡು ಕೂಡಿದರೆ ಹಕ್ಕು ನಿಲ್ಲಬೇಕು. ನಾಲ್ಕನೆಯದಾಗಿ, ಆರೋಗ್ಯಕ್ಕೆಂದು ಪಡೆದ ವಿವರ ನ್ಯಾಯಾಲಯದ ಆದೇಶವಿಲ್ಲದೆ ಪೊಲೀಸರಿಗೆ ಹೋಗಕೂಡದು ಎಂಬ ಗೋಡೆಯನ್ನು ಕಾನೂನಿನಲ್ಲಿಯೇ ಕಟ್ಟಬೇಕು. ವೈದ್ಯನಿಗೆ ಹೇಳಿದ್ದು ಠಾಣೆಗೆ ಹೋಗುತ್ತದೆಂದು ತಿಳಿದ ರೋಗಿ ವೈದ್ಯನಿಗೂ ನಿಜ ಹೇಳುವುದಿಲ್ಲ. ಕೊನೆಯದು, ಮತ್ತು ಎಲ್ಲಕ್ಕಿಂತ ಮುಖ್ಯವಾದದ್ದು: ಮುದಿ ಎತ್ತನ್ನು ಮಾರಕೂಡದೆಂದು ಹೇಳುವ ಪ್ರಭುತ್ವ ಅದನ್ನು ತಾನೇ ಕೊಳ್ಳಬೇಕು, ಇಲ್ಲವೇ ಸಾಕುವವನಿಗೆ ಸಾಕುವ ಖರ್ಚನ್ನು ಕೊಡಬೇಕು. ಹನ್ನೆರಡು ಅಂಕಿಯ ಸಂಖ್ಯೆಯಿದೆ, ವಯಸ್ಸಿನ ದಾಖಲೆಯಿದೆ, ಒಡೆಯನ ವಿವರವಿದೆ. ದುಡಿಮೆ ನಿಂತ ಎತ್ತಿಗೆ ತಿಂಗಳ ಮೇವಿನ ಹಣವನ್ನು ನೇರವಾಗಿ ತಲುಪಿಸಲು ಇನ್ನೇನು ಬೇಕು? ಈ ಖರ್ಚು ಹೊರಲು ಸಿದ್ಧರಿಲ್ಲದವರು ನಿಷೇಧದ ಪುಣ್ಯವನ್ನೂ ತಮ್ಮದೆನ್ನಬಾರದು.

ದಾಖಲೆಯೆಂಬುದರ ಬೆಲೆಯನ್ನು ಹಲಸಂಗಿಗೆ ಹೊರಗಿನವರು ಕಲಿಸಬೇಕಾಗಿಲ್ಲ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪನವರು 'ಹಲಸಂಗಿ ಗೆಳೆಯರು' ಎಂಬ ಹೆಸರಿನಲ್ಲಿ ಕೂಡಿ, ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡಿಕೊಳ್ಳುತ್ತಿದ್ದ ಪದಗಳನ್ನು ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಸಂಕಲನವನ್ನು ಹೊರತಂದರು. ಯಾವ ಕಚೇರಿಯೂ ಲೆಕ್ಕಕ್ಕೆ ಹಿಡಿಯದಿದ್ದ ಬದುಕನ್ನು ಅವರು ಬರೆದಿಟ್ಟರು. ಊರಿನವರು ಬಾಯಿಬಿಟ್ಟು ಹಾಡಿದರು, ಏಕೆಂದರೆ ಬರೆದುಕೊಳ್ಳುತ್ತಿದ್ದವರು ತಮ್ಮವರು ಎಂಬ ನಂಬಿಕೆಯಿತ್ತು. ಆ ನಂಬಿಕೆಯೊಂದಿದ್ದರೆ ಜನ ತಮ್ಮ ಮನೆಯ ಗುಟ್ಟನ್ನೂ ದಾಖಲೆಗೆ ಕೊಡುತ್ತಾರೆ. ಅದಿಲ್ಲದಿದ್ದರೆ ಎತ್ತಿನ ವಯಸ್ಸನ್ನೂ ಮುಚ್ಚಿಡುತ್ತಾರೆ.

ಹೊರಡುವ ದಿನ ಮಾವನಿಂದ ಎತ್ತಿನ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡು, ಅದರ ಲಸಿಕೆಯ ವಿವರಗಳನ್ನು ಊರಿನ ಪಶುವೈದ್ಯರಿಂದ ಕೇಳಿ ತಿಳಿದು, ಹಳೆಯ ನೋಟುಪುಸ್ತಕವೊಂದರಲ್ಲಿ ಕನ್ನಡದಲ್ಲಿ ಬರೆದುಕೊಟ್ಟೆ. ಮಾವ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ನಂತರ ಅದರ ಕೆಳಗೆ ತಾವೇ, ನಡುಗುವ ಕೈಯಿಂದ, ಎತ್ತಿನ ಸುಳಿಯ ವಿವರವನ್ನೂ, ಅದು ಮನೆಗೆ ಬಂದ ದಿನವನ್ನೂ ಸೇರಿಸಿದರು. "ಈಗ ಇದು ನಂದೂ ಆತು ನೋಡು" ಎಂದರು. ಪುಸ್ತಕದಲ್ಲಿ ಇನ್ನೂ ಖಾಲಿ ಹಾಳೆಗಳಿವೆ. ಕೊನೆಯ ಹಾಳೆಯಲ್ಲಿ ಏನು ಬರೆಯಬೇಕಾದೀತು ಎಂಬುದಕ್ಕೆ ಮಾವನ ಬಳಿ ಉತ್ತರವಿಲ್ಲ. ಆ ಉತ್ತರವನ್ನು ಕೊಡಬೇಕಾದವರು ವಿಧಾನಸೌಧದಲ್ಲಿದ್ದಾರೆ.